ಗೂಢಲಿಪಿಯಲ್ಲಿಟ್ಟ ಮೊತ್ತ ತಾಳೆಯಾಗದಿದ್ದರೆ: ಪೋಸ್ಟ್‌ಗ್ರೆಸ್‌ನ ಹೋಮೋಮಾರ್ಫಿಕ್ ಫಂಕ್ಷನ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಗದಗ ಜಿಲ್ಲೆಯ ಪತ್ತಿನ ಸಹಕಾರ ಸಂಘಗಳ ಲೆಕ್ಕಪತ್ರವನ್ನು ಹುಬ್ಬಳ್ಳಿಯ ಸರ್ವರ್‌ನಲ್ಲಿ ಇಟ್ಟು ನೋಡಿಕೊಳ್ಳುವ ಕೆಲಸ ನಮ್ಮದು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಯಾರ ಸಾಲ ಎಷ್ಟು ಬಾಕಿ ಇದೆ, ಯಾರು ಪಿಗ್ಮಿ ಕಟ್ಟುವುದನ್ನು ನಿಲ್ಲಿಸಿದರು ಎಂಬುದು ಮನೆತನದ ಮರ್ಯಾದೆಯ ಮಾತು. ಅದನ್ನು ಸರ್ವರ್ ನೋಡಿಕೊಳ್ಳುವ ನಾವೂ ಓದಬಾರದು. ಆದರೆ ಸಂಘಕ್ಕೆ ಪ್ರತಿದಿನ ಮೊತ್ತ ಬೇಕು. ಎರಡನ್ನೂ ಸಾಧಿಸಲು ಬಾಕಿಯ ಕಾಲಂನಲ್ಲಿ ಸಂಖ್ಯೆಯ ಬದಲು ಅದರ ಗೂಢಲಿಪಿಯನ್ನು ಇಟ್ಟು, ಡಿಕ್ರಿಪ್ಟ್ ಮಾಡದೆಯೇ, ಅಂದರೆ ಗೂಢಲಿಪಿಯನ್ನು ಬಿಚ್ಚದೆಯೇ, ಕೂಡಿಸುವ ಫಂಕ್ಷನ್‌ಗಳನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಸೇರಿಸಿದ್ದೇವೆ. ಹೀಗೆ ಬಿಚ್ಚದೆಯೇ ಲೆಕ್ಕ ಮಾಡಲು ಬಿಡುವ ಪದ್ಧತಿಯನ್ನೇ ಹೋಮೋಮಾರ್ಫಿಕ್ ಎನ್ನುವುದು.

ಬಳಸಿರುವುದು ಪಾಸ್ಕಲ್ ಪೈಯೆ 1999ರಲ್ಲಿ ಪ್ರಕಟಿಸಿದ ಪದ್ಧತಿ. ಇದರಲ್ಲಿ ಎರಡು ಗೂಢಲಿಪಿಗಳನ್ನು ಗುಣಿಸಿದರೆ ಒಳಗಿನ ಸಂಖ್ಯೆಗಳು ಕೂಡಿಕೊಳ್ಳುತ್ತವೆ. ಒಂದು ಗೂಢಲಿಪಿಯನ್ನು 5ನೇ ಘಾತಕ್ಕೆ ಏರಿಸಿದರೆ ಒಳಗಿನ ಸಂಖ್ಯೆ 5 ಪಟ್ಟಾಗುತ್ತದೆ. ಎರಡು ಗೂಢಲಿಪಿಗಳ ಒಳಗಿನ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಲು ಆಗುವುದಿಲ್ಲ. ಸಂಘದ ಲೆಕ್ಕಕ್ಕೆ ಇಷ್ಟು ಸಾಕು. ಸಂಘದ ಕಂಪ್ಯೂಟರ್‌ನಲ್ಲಿ ಗೂಢಲಿಪಿಯನ್ನು ಬಿಚ್ಚುವ ಗುಪ್ತ ಕೀಲಿ ಇರುತ್ತದೆ. ಸರ್ವರ್‌ಗೆ ಗೊತ್ತಿರುವುದು ಮುಚ್ಚಲು ಮತ್ತು ಕೂಡಿಸಲು ಸಾಕಾಗುವ ಸಾರ್ವಜನಿಕ ಕೀಲಿ ಮಾತ್ರ. ಆ ಕೀಲಿಯಲ್ಲಿರುವ ದೊಡ್ಡ ಸಂಖ್ಯೆಯನ್ನು ಮುಂದೆ ಎನ್ ಎಂದು ಕರೆಯುತ್ತೇನೆ. ಎನ್ 2048 ಬಿಟ್ ಇದ್ದರೆ ಪ್ರತಿ ಗೂಢಲಿಪಿ 4096 ಬಿಟ್, ಅಂದರೆ 512 ಬೈಟ್.

ಇಂಥ ವ್ಯವಸ್ಥೆಯಲ್ಲಿ ದೋಷ ಹುಡುಕುವುದು ಕಷ್ಟವಾಗಲು ಒಂದೇ ಕಾರಣವಿದೆ. ಇಂದಿನ ಬೇರೆ ಹಲವು ಎನ್‌ಕ್ರಿಪ್ಷನ್‌ಗಳಲ್ಲಿ ಒಂದು ಬೈಟ್ ಕೆಟ್ಟರೂ ಡಿಕ್ರಿಪ್ಟ್ ಮಾಡುವಾಗ ದೋಷದ ಸಂದೇಶ ಬರುವಂತೆ ಮಾಡಿರುತ್ತಾರೆ. ಇಲ್ಲಿ ಹಾಗಿಲ್ಲ. ಗೂಢಲಿಪಿಯನ್ನು ಹೊರಗಿನಿಂದ ಬದಲಿಸಬಹುದು ಎಂಬುದೇ ಈ ಪದ್ಧತಿಯ ಉಪಯೋಗ. ಹಾಗಾಗಿ ತಪ್ಪಾಗಿ ಬದಲಿಸಿದರೂ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಓಡುತ್ತದೆ, ಉತ್ತರ ಬರುತ್ತದೆ, ಲಾಗ್‌ನಲ್ಲಿ ಏನೂ ಇರುವುದಿಲ್ಲ. ಸಂಜೆ ಸಂಘದ ಗುಮಾಸ್ತರು ಕಿರ್ದಿಯೊಡನೆ ತಾಳೆ ನೋಡಿದಾಗಲೇ ಮೊತ್ತ ತಪ್ಪಿದ್ದು ತಿಳಿಯುವುದು.

ಮೊದಲ ಹೆಜ್ಜೆ: ತಪ್ಪು ಯಾವ ಬದಿಯಲ್ಲಿದೆ?

ಮೊತ್ತ ತಪ್ಪು ಎಂದು ದೂರು ಬಂದ ಕೂಡಲೇ ಎಲ್ಲರಿಗೂ ತೋಚುವ ದಾರಿ ಒಂದೇ: ಗುಪ್ತ ಕೀಲಿಯನ್ನು ಸ್ವಲ್ಪ ಹೊತ್ತು ಸರ್ವರ್‌ಗೆ ತಂದು, ಸಾಲು ಸಾಲಾಗಿ ಬಿಚ್ಚಿ ನೋಡುವುದು. ಇದನ್ನು ಮಾಡಲೇಬೇಡಿ. ಸರ್ವರ್‌ಗೆ ಒಮ್ಮೆ ಬಂದ ಕೀಲಿ ಬ್ಯಾಕಪ್‌ನಲ್ಲಿ, ಕಮಾಂಡ್‌ಗಳ ಇತಿಹಾಸದಲ್ಲಿ, ಯಾವುದೋ ತಾತ್ಕಾಲಿಕ ಕಡತದಲ್ಲಿ ಉಳಿಯುತ್ತದೆ. ಆಮೇಲೆ ಇಡೀ ವ್ಯವಸ್ಥೆಗೆ ಅರ್ಥವಿಲ್ಲ. ಕೆಳಗಿನ ಪರೀಕ್ಷೆಗಳೆಲ್ಲ ಕೀಲಿಯನ್ನು ಅದರ ಜಾಗದಲ್ಲೇ ಬಿಟ್ಟು ಮಾಡುವಂಥವು.

ಕೂಡಿಸುವ ಫಂಕ್ಷನ್ ಸರಿಯಿದೆಯೇ ಎಂದು ನೋಡಲು ಕಾಗದದ ಮೇಲೆ ಲೆಕ್ಕ ಹಾಕಬಹುದಾದ ಪುಟ್ಟ ಕೀಲಿಯೊಂದನ್ನು ಇಟ್ಟುಕೊಳ್ಳಿ. ಅವಿಭಾಜ್ಯಗಳು 5 ಮತ್ತು 7 ಆಗಿದ್ದರೆ ಎನ್ 35, ಅದರ ವರ್ಗ 1225. ಆಧಾರ ಸಂಖ್ಯೆ 36 ಇರಲಿ. ಯಾದೃಚ್ಛಿಕ ಸಂಖ್ಯೆ (ಒಂದೇ ಮೊತ್ತ ಪ್ರತಿ ಸಲ ಬೇರೆ ಗೂಢಲಿಪಿಯಾಗಲೆಂದು ಬೆರೆಸುವ ಸಂಖ್ಯೆ) 2 ಇಟ್ಟು 3ನ್ನು ಎನ್‌ಕ್ರಿಪ್ಟ್ ಮಾಡಿದರೆ 683 ಬರುತ್ತದೆ. ಯಾದೃಚ್ಛಿಕ ಸಂಖ್ಯೆ 3 ಇಟ್ಟು 4ನ್ನು ಎನ್‌ಕ್ರಿಪ್ಟ್ ಮಾಡಿದರೆ 1062. ಇವೆರಡನ್ನೂ ಗುಣಿಸಿ 1225ರಿಂದ ಭಾಗಿಸಿದರೆ ಶೇಷ 146. ನಿಮ್ಮ ಫಂಕ್ಷನ್‌ಗೆ 683, 1062 ಮತ್ತು 1225 ಕೊಟ್ಟಾಗ 146 ಬಾರದಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ತಪ್ಪು ಅಲ್ಲೇ ಇದೆ. ಡಿಕ್ರಿಪ್ಟ್ ಬದಿಯನ್ನೂ ಇದರಲ್ಲೇ ನೋಡಬಹುದು. ಈ ಪುಟ್ಟ ಕೀಲಿಯ ಗುಪ್ತ ಭಾಗ 12 ಮತ್ತು 3: 146ನ್ನು 12ನೇ ಘಾತಕ್ಕೆ ಏರಿಸಿ 1225ರಿಂದ ಭಾಗಿಸಿದರೆ ಶೇಷ 491. ಅದರಲ್ಲಿ 1 ಕಳೆದು 35ರಿಂದ ಭಾಗಿಸಿದರೆ 14. ಅದನ್ನು 3ರಿಂದ ಗುಣಿಸಿ 35ರಿಂದ ಭಾಗಿಸಿದರೆ ಶೇಷ 7. ಮೂರು ನಾಲ್ಕು ಸೇರಿ ಏಳು.

ಇದು ಸರಿ ಬಂದರೆ, 2048 ಬಿಟ್‌ನ ಪರೀಕ್ಷಾ ಕೀಲಿಯೊಂದನ್ನು ಹೊಸದಾಗಿ ಮಾಡಿಕೊಂಡು ಕೃತಕ ಖಾತೆಗಳನ್ನು ತುಂಬಿ. ಪರೀಕ್ಷಾ ಕೀಲಿ ಎಲ್ಲಿದ್ದರೂ ನಷ್ಟವಿಲ್ಲ. ಒಂದು ಸಾಲು, ಎರಡು ಸಾಲು, ನೂರು ಸಾಲು, ಐವತ್ತು ಸಾವಿರ ಸಾಲು ಎಂದು ಮೊತ್ತ ತೆಗೆಯುತ್ತಾ ಹೋಗಿ. ಎಷ್ಟನೇ ಹಂತದಲ್ಲಿ ತಪ್ಪುತ್ತದೆ ಎನ್ನುವುದೇ ಅರ್ಧ ಉತ್ತರ.

ಸಣ್ಣ ಮೊತ್ತ ಸರಿ, ದೊಡ್ಡ ಮೊತ್ತ ತಪ್ಪು

ಅತಿ ಹೆಚ್ಚು ಕಾಡುವ ದೋಷ ಇದು. ಕಾರಣ ಎರಡು ಇರಬಹುದು.

ಮೊದಲನೆಯದು ಬೈಟ್‌ಗಳ ಉದ್ದ. ದೊಡ್ಡ ಸಂಖ್ಯೆಗಳಿಗಾಗಿ ಸಾಮಾನ್ಯವಾಗಿ ಬಳಸುವ ಜಿಎಂಪಿ ಲೈಬ್ರರಿ ಸಂಖ್ಯೆಯನ್ನು ಬೈಟ್‌ಗಳಾಗಿ ಹೊರಕ್ಕೆ ಕೊಡುವಾಗ ಮುಂದಿನ ಸೊನ್ನೆಗಳನ್ನು ಬರೆಯುವುದಿಲ್ಲ. ಹೆಚ್ಚಿನ ಗೂಢಲಿಪಿಗಳು 512 ಬೈಟ್ ಬರುತ್ತವೆ, ಆದರೆ ಕೆಲವು 511 ಬೈಟ್‌ಗೇ ಮುಗಿಯುತ್ತವೆ. ಎನ್ ಎಷ್ಟು ದೊಡ್ಡದು ಎಂಬುದರ ಮೇಲೆ 64ರಲ್ಲಿ ಒಂದರಿಂದ 256ರಲ್ಲಿ ಒಂದರವರೆಗೆ ಹೀಗಾಗುತ್ತದೆ. ಬರೆಯುವ ಫಂಕ್ಷನ್ 512 ಬೈಟ್‌ನ ಜಾಗ ಮಾಡಿಟ್ಟು ಎಡದಿಂದ ತುಂಬಿದ್ದರೆ ಸೊನ್ನೆ ಕೊನೆಗೆ ಬಂದು ಸೇರುತ್ತದೆ. ಓದುವಾಗ ಆ ಸಂಖ್ಯೆ 256 ಪಟ್ಟಾಗಿರುತ್ತದೆ. ಹತ್ತು ಸಾಲಿನ ಪರೀಕ್ಷೆಯಲ್ಲಿ ಇಂಥದ್ದು ಸಿಗದಿರುವ ಸಂಭವವೇ ಹೆಚ್ಚು. ಸಾವಿರ ಸಾಲಿನಲ್ಲಿ ಸಿಕ್ಕೇ ಸಿಗುತ್ತದೆ ಎನ್ನಬಹುದು.

ಇದನ್ನು ಖಚಿತಪಡಿಸಿಕೊಳ್ಳುವ ಬಗೆ ನನಗೆ ಬಹಳ ಇಷ್ಟ, ಏಕೆಂದರೆ ಒಬ್ಬ ಸದಸ್ಯರ ಖಾತೆಯನ್ನೂ ತೆರೆಯಬೇಕಾಗಿಲ್ಲ. ಗುಣಿಸಿದರೆ ಕೂಡುತ್ತದೆ ಎಂಬ ನಿಯಮ ತಪ್ಪಾದ ಗುಣಾಕಾರಕ್ಕೂ ಅನ್ವಯಿಸುತ್ತದೆ. ಗೂಢಲಿಪಿ 256 ಪಟ್ಟಾದರೆ, 256 ಎಂಬ ಸಂಖ್ಯೆಯನ್ನೇ ಗೂಢಲಿಪಿ ಎಂದು ಭಾವಿಸಿ ಡಿಕ್ರಿಪ್ಟ್ ಮಾಡಿದಾಗ ಏನು ಬರುತ್ತದೋ ಅಷ್ಟು ಒಳಗಿನ ಸಂಖ್ಯೆಗೆ ಸೇರಿಕೊಳ್ಳುತ್ತದೆ. ಒಂದು ಕೀಲಿಗೆ ಅದು ಬದಲಾಗದ ಸಂಖ್ಯೆ. ನಮ್ಮ ಪುಟ್ಟ ಕೀಲಿಯಲ್ಲಿ 256ನ್ನು ಡಿಕ್ರಿಪ್ಟ್ ಮಾಡಿದರೆ 8 ಬರುತ್ತದೆ. 683ನ್ನು 256ರಿಂದ ಗುಣಿಸಿ 1225ರಿಂದ ಭಾಗಿಸಿದರೆ ಶೇಷ 898. ಅದನ್ನು ಡಿಕ್ರಿಪ್ಟ್ ಮಾಡಿದರೆ 11. ಇರಬೇಕಾದದ್ದು 3, ಸೇರಿಕೊಂಡದ್ದು 8.

ಹಾಗಾಗಿ ಸಂಘದ ಕಂಪ್ಯೂಟರ್‌ನಲ್ಲಿ ಕೀಲಿ ಇಟ್ಟುಕೊಂಡವರಿಗೆ ಎರಡು ಕೆಲಸ ಹೇಳಿ. ಸರ್ವರ್‌ನಿಂದ ಬಂದ ಮೊತ್ತದಿಂದ ಕಿರ್ದಿಯ ಮೊತ್ತವನ್ನು ಕಳೆಯಲಿ. ಬೇರೆಯಾಗಿ 256ನ್ನು ಡಿಕ್ರಿಪ್ಟ್ ಮಾಡಲಿ. ಎರಡನ್ನೂ ಎನ್‌ನಿಂದ ಭಾಗಿಸಿದ ಶೇಷದಲ್ಲಿ ಹೋಲಿಸಿದಾಗ, ಮೊದಲನೆಯದು ಎರಡನೆಯದರ ಒಂದು, ಎರಡು, ಇಪ್ಪತ್ತು ಹೀಗೆ ಸಣ್ಣ ಪಟ್ಟಾಗಿದ್ದರೆ ದೋಷ ಇದೇ. ಎಷ್ಟು ಪಟ್ಟು ಎಂಬುದು ಎಷ್ಟು ಸಾಲು ಕೆಟ್ಟಿವೆ ಎಂಬುದನ್ನೂ ಹೇಳುತ್ತದೆ. ಅಪರೂಪಕ್ಕೆ ಎರಡು ಬೈಟ್ ಕಡಿಮೆಯಾದ ಸಾಲು ಎರಡು ಪಟ್ಟು ಸೇರಿಸುತ್ತದೆ, ಅಷ್ಟೇ. ಪರಿಹಾರ ಸರಳ: ಜಾಗವನ್ನು ಸೊನ್ನೆಗಳಿಂದ ತುಂಬಿ, ಸಂಖ್ಯೆಗೆ ಎಷ್ಟು ಬೈಟ್ ಬೇಕು ಎಂದು ಮೊದಲು ಕೇಳಿ, ಉಳಿದಷ್ಟು ಜಾಗವನ್ನು ಎಡಗಡೆ ಬಿಟ್ಟು ಬರೆಯಬೇಕು.

ಎರಡನೆಯ ಕಾರಣ ಸಮಾಂತರ ಓಟ. ಕೋಷ್ಟಕ 8 ಎಂಬಿ ದಾಟಿದ ಮೇಲೆ ಪೋಸ್ಟ್‌ಗ್ರೆಸ್ ಕೆಲಸವನ್ನು ಹಲವು ಪ್ರಕ್ರಿಯೆಗಳಿಗೆ ಹಂಚಲು ಯೋಚಿಸತೊಡಗುತ್ತದೆ. 512 ಬೈಟ್‌ನ ಒಂದು ಗೂಢಲಿಪಿ ಇರುವ ಸಾಲುಗಳಾದರೆ ಸುಮಾರು ಹದಿನಾಲ್ಕು ಸಾವಿರ ಸಾಲಿಗೇ ಆ ಗಡಿ ಬರುತ್ತದೆ. ಆಗ ಪ್ರತಿ ಪ್ರಕ್ರಿಯೆ ತನ್ನ ಪಾಲಿಗೆ ಕೂಡಿದ ಅರ್ಧಮೊತ್ತಗಳನ್ನು ಸೇರಿಸುವ ಫಂಕ್ಷನ್ ಬೇರೆಯೇ ಬೇಕಾಗುತ್ತದೆ. ಅದು ಎರಡರಲ್ಲಿ ಒಂದನ್ನಷ್ಟೇ ಹಿಂದಿರುಗಿಸಿದರೂ ಯಾರೂ ಎಚ್ಚರಿಸುವುದಿಲ್ಲ. ಪತ್ತೆ ಸುಲಭ: ಆ ಸೆಷನ್‌ನಲ್ಲಿ ಸಮಾಂತರ ಕೆಲಸಗಾರರ ಸಂಖ್ಯೆಯನ್ನು ಸೊನ್ನೆ ಮಾಡಿ ಅದೇ ಕ್ವೆರಿ ಓಡಿಸಿ. ಮೊತ್ತ ಸರಿಯಾದರೆ ಅಪರಾಧಿ ಸಿಕ್ಕಿತು. ಪೈಯೆ ಪದ್ಧತಿಯಲ್ಲಿ ಅರ್ಧಮೊತ್ತಗಳೂ ಗೂಢಲಿಪಿಗಳೇ ಆದ್ದರಿಂದ, ಎರಡು ಸಾಲನ್ನು ಕೂಡಿಸುವ ಅದೇ ಫಂಕ್ಷನ್ನನ್ನು ಇಲ್ಲಿಯೂ ಕೊಟ್ಟರೆ ಸಾಕು. ಒಂದು ಸೂಚನೆ: ಎರಡು ಓಟಗಳ ಗೂಢಲಿಪಿಗಳು ಬೈಟ್ ಬೈಟ್ ಒಂದೇ ಇರಬೇಕು. ಗುಣಾಕಾರದ ಕ್ರಮ ಬದಲಾದರೂ ಗುಣಲಬ್ಧ ಬದಲಾಗುವುದಿಲ್ಲ. ಆದ್ದರಿಂದ ಈ ಹೋಲಿಕೆಗೆ ಗುಪ್ತ ಕೀಲಿಯೇ ಬೇಡ.

ಮೊತ್ತ ಯಾವಾಗಲೂ ಸೊನ್ನೆ, ಅಥವಾ 617 ಅಂಕಿಯ ರಾಕ್ಷಸ ಸಂಖ್ಯೆ

ಕೂಡಿಸುವ ಕೆಲಸಕ್ಕೆ ಸೊನ್ನೆಯಿಂದ ಶುರು ಮಾಡುವುದು ರೂಢಿ. ಇಲ್ಲಿ ಹೊರಗೆ ನಡೆಯುವುದು ಗುಣಾಕಾರ. ಆರಂಭದ ಬೆಲೆಯಾಗಿ ಸೊನ್ನೆ ಕೊಟ್ಟರೆ ಏನು ಗುಣಿಸಿದರೂ ಸೊನ್ನೆಯೇ. ಸೊನ್ನೆ ಸರಿಯಾದ ಗೂಢಲಿಪಿಯೇ ಅಲ್ಲ. ಡಿಕ್ರಿಪ್ಟ್ ಮಾಡುವ ಪ್ರೋಗ್ರಾಂ ಭಾಗಾಕಾರವನ್ನು ಹೇಗೆ ಮಾಡುತ್ತದೋ ಅದರಂತೆ ಸೊನ್ನೆ ರೂಪಾಯಿ ಎಂದೂ ತೋರಿಸಬಹುದು, ಅಸಂಬದ್ಧವಾದದ್ದನ್ನೂ ತೋರಿಸಬಹುದು. ಆರಂಭದ ಬೆಲೆ 1 ಇರಬೇಕು. ಇನ್ನೂ ಒಳ್ಳೆಯದೆಂದರೆ ಆರಂಭದ ಬೆಲೆಯನ್ನೇ ಕೊಡದೆ ಫಂಕ್ಷನ್ನನ್ನು ಸ್ಟ್ರಿಕ್ಟ್ ಎಂದು ಘೋಷಿಸುವುದು. ಆಗ ಮೊದಲ ಸಾಲೇ ಆರಂಭವಾಗುತ್ತದೆ, ಖಾಲಿ ಬೆಲೆಯ ಸಾಲುಗಳನ್ನು ಪೋಸ್ಟ್‌ಗ್ರೆಸ್ ತಾನೇ ಬಿಟ್ಟುಬಿಡುತ್ತದೆ. ಒಂದು ಸಾಲೂ ಇಲ್ಲದಿದ್ದರೆ ಖಾಲಿ ಉತ್ತರ ಬರುತ್ತದೆ. ಅದನ್ನು ಸೊನ್ನೆ ಎಂದು ಓದುವುದು ಸಂಘದ ಬದಿಯ ಪ್ರೋಗ್ರಾಂಗೆ ಬಿಟ್ಟದ್ದು.

617 ಅಂಕಿಯ ಸಂಖ್ಯೆ ಬಂದರೆ ಮೊದಲು ಋಣ ಸಂಖ್ಯೆಗಳನ್ನು ಅನುಮಾನಿಸಿ. ಈ ಪದ್ಧತಿಗೆ ಋಣ ಎಂಬುದು ಗೊತ್ತಿಲ್ಲ. ಮರುಪಾವತಿಯಾದ 50 ರೂಪಾಯಿಯನ್ನು, ಅಂದರೆ 5000 ಪೈಸೆಯನ್ನು, ಎನ್‌ನಿಂದ 5000 ಕಳೆದ ಸಂಖ್ಯೆಯಾಗಿ ಇಡುತ್ತೇವೆ. ಕೂಡುವಾಗ ಎಲ್ಲವೂ ಸರಿಯಾಗಿಯೇ ಆಗುತ್ತದೆ. ಡಿಕ್ರಿಪ್ಟ್ ಆದ ಮೇಲೆ ಉತ್ತರ ಎನ್‌ನ ಅರ್ಧಕ್ಕಿಂತ ಹೆಚ್ಚಿದ್ದರೆ ಅದರಿಂದ ಎನ್ ಕಳೆಯಬೇಕು. ಆ ಒಂದು ಸಾಲನ್ನು ಬಿಟ್ಟರೆ ಸಂಘದ ಖರ್ಚು ಜಮೆಯನ್ನು ಮೀರಿದ ದಿನ ಮಾತ್ರ ದೋಷ ಕಾಣಿಸುತ್ತದೆ, ಉಳಿದ ದಿನ ಅಡಗಿರುತ್ತದೆ. ಪರೀಕ್ಷೆಗೆ 10000, 25050 ಮತ್ತು ಋಣ 5050 ಪೈಸೆ ಇಟ್ಟು 30000 ಬರುತ್ತದೆಯೇ ನೋಡಿ. ಆಮೇಲೆ ಮೊದಲೆರಡನ್ನು ತೆಗೆದು ಋಣ ಉತ್ತರ ಬರುತ್ತದೆಯೇ ಎಂದೂ ನೋಡಿ.

ಮೊತ್ತ ನೂರು ಪಟ್ಟು ಹೆಚ್ಚು ಕಡಿಮೆಯಾದರೆ ರೂಪಾಯಿ ಪೈಸೆ ಬೆರೆತಿವೆ. ಎಲ್ಲವನ್ನೂ ಪೈಸೆಯಲ್ಲೇ ಇಡಿ. ಶೇಕಡಾ 12.5ರ ಬಡ್ಡಿಯನ್ನು ಸರ್ವರ್‌ನಲ್ಲಿ ಹಾಕುವುದಾದರೆ 125ರಿಂದ ಗುಣಿಸಿ, 1000ದಿಂದ ಭಾಗಿಸುವುದನ್ನು ಸಂಘದ ಕಂಪ್ಯೂಟರ್‌ಗೆ ಬಿಡಿ. ಗೂಢಲಿಪಿಯೊಳಗೆ ಭಾಗಾಕಾರ ಮಾಡಲು ಹೋಗಬೇಡಿ.

ಏಪ್ರಿಲ್ ನಂತರ ಕೆಟ್ಟಿತು

ಹೊಸ ಆರ್ಥಿಕ ವರ್ಷಕ್ಕೆ ಹೊಸ ಕೀಲಿ ಹಾಕುವ ಪದ್ಧತಿ ಒಳ್ಳೆಯದು. ಆದರೆ ಹಳೆಯ ಸಾಲುಗಳು ಹಳೆಯ ಕೀಲಿಯಲ್ಲೇ ಉಳಿದಿದ್ದರೆ, ಎರಡೂ ವರ್ಷದ ಸಾಲುಗಳನ್ನು ಒಟ್ಟಿಗೆ ಕೂಡಿಸಿದ ಕ್ವೆರಿ ಕಸವನ್ನು ಕೊಡುತ್ತದೆ. ಕಸವನ್ನೇ ಕೊಟ್ಟೆ ಎಂದು ಹೇಳುವುದಿಲ್ಲ. ಇದಕ್ಕೆ ಪತ್ತೆಗಿಂತ ತಡೆಯೇ ಮೇಲು: ಪ್ರತಿ ಗೂಢಲಿಪಿಯ ಮುಂದೆ 4 ಬೈಟ್‌ನ ಕೀಲಿ ಸಂಖ್ಯೆ ಇಡಿ, ಕೂಡಿಸುವ ಫಂಕ್ಷನ್ ಎರಡನ್ನೂ ಹೋಲಿಸಿ ಬೇರೆಯಾಗಿದ್ದರೆ ದೋಷ ಎಸೆದು ನಿಲ್ಲಲಿ. ಜೊತೆಗೆ ಗೂಢಲಿಪಿ ಸೊನ್ನೆಗಿಂತ ಹೆಚ್ಚಾಗಿದೆಯೇ, ಎನ್ ವರ್ಗಕ್ಕಿಂತ ಕಡಿಮೆಯಿದೆಯೇ, ಉದ್ದ ಸರಿಯಿದೆಯೇ ಎಂದೂ ಅಲ್ಲೇ ನೋಡಲಿ. ಗುಣಾಕಾರದ ಪಕ್ಕದಲ್ಲಿ ಈ ತಪಾಸಣೆಗಳ ವೆಚ್ಚ ಲೆಕ್ಕಕ್ಕೇ ಬರುವುದಿಲ್ಲ. ಮೌನವಾಗಿ ತಪ್ಪುವ ಫಂಕ್ಷನ್‌ಗೆ ಬಾಯಿ ಕೊಡುವುದು ನಮ್ಮ ಕೈಯಲ್ಲೇ ಇರುವ ಕೆಲಸ, ಮೊದಲ ದಿನವೇ ಮಾಡಬೇಕಾದದ್ದು.

ಮೊತ್ತ ಸರಿ, ಗುಟ್ಟು ಸೋರುತ್ತಿದೆ

ಲೆಕ್ಕ ತಾಳೆಯಾದ ಮಾತ್ರಕ್ಕೆ ಎಲ್ಲ ಸರಿ ಎನ್ನಲಾಗದು. ಪರೀಕ್ಷಾ ಕೋಷ್ಟಕದ ನೂರು ಸಾಲಿನಲ್ಲೂ ಒಂದೇ ಮೊತ್ತ ತುಂಬಿ, ಬೇರೆ ಬೇರೆ ಗೂಢಲಿಪಿಗಳು ಎಷ್ಟಿವೆ ಎಂದು ಎಣಿಸಿ. ನೂರೇ ಇರಬೇಕು. ಒಂದೇ ಬಂದರೆ, ಹೆಚ್ಚಾಗಿ ಎನ್‌ಕ್ರಿಪ್ಟ್ ಫಂಕ್ಷನ್ನನ್ನು ಯಾರೋ ವೇಗಕ್ಕಾಗಿ ಇಮ್ಯೂಟಬಲ್ (ಒಂದೇ ಬೆಲೆ ಕೊಟ್ಟರೆ ಸದಾ ಒಂದೇ ಉತ್ತರ) ಎಂದು ಘೋಷಿಸಿರುತ್ತಾರೆ. ಪೋಸ್ಟ್‌ಗ್ರೆಸ್ ಅದನ್ನು ನಂಬಿ ಒಮ್ಮೆ ಮಾತ್ರ ಲೆಕ್ಕ ಹಾಕಿ ಎಲ್ಲ ಸಾಲಿಗೂ ಅದನ್ನೇ ಬರೆದಿದೆ. ಪ್ರತಿ ಸಲ ಹೊಸ ಯಾದೃಚ್ಛಿಕ ಸಂಖ್ಯೆ ಬೇಕಾದ ಫಂಕ್ಷನ್ ವೊಲಟೈಲ್ (ಪ್ರತಿ ಸಲ ಉತ್ತರ ಬದಲಾಗಬಹುದು) ಆಗಿಯೇ ಇರಬೇಕು. ಕೂಡಿಸುವ ಫಂಕ್ಷನ್ ಮಾತ್ರ ಇಮ್ಯೂಟಬಲ್ ಆಗಬಹುದು.

ಅದಕ್ಕಿಂತ ದೊಡ್ಡ ಪ್ರಶ್ನೆ, ಎನ್‌ಕ್ರಿಪ್ಟ್ ಫಂಕ್ಷನ್ ಸರ್ವರ್‌ನಲ್ಲಿ ಏಕಿದೆ ಎಂಬುದು. ಕ್ವೆರಿಯೊಳಗೆ ಎನ್‌ಕ್ರಿಪ್ಟ್ ಮಾಡಿಸಿದರೆ ನಿಜವಾದ ಮೊತ್ತ ಕ್ವೆರಿಯ ಪಠ್ಯದಲ್ಲೇ ಸರ್ವರ್‌ಗೆ ಬರುತ್ತದೆ. ನಿಧಾನ ಕ್ವೆರಿಗಳನ್ನು ಲಾಗ್ ಮಾಡುವ ವ್ಯವಸ್ಥೆ ಇದ್ದರೆ ಅಲ್ಲಿ ಬರೆದಿಟ್ಟುಕೊಳ್ಳುತ್ತದೆ, ಓಡುತ್ತಿರುವ ಕ್ವೆರಿಗಳ ಪಟ್ಟಿಯಲ್ಲೂ ಕಾಣುತ್ತದೆ. ಬೇರೆಲ್ಲೂ ಬಾರದಂಥ ಮೊತ್ತವೊಂದನ್ನು, 7,31,964 ಎಂದಿಟ್ಟುಕೊಳ್ಳಿ, ಪರೀಕ್ಷಾ ಖಾತೆಗೆ ಹಾಕಿ. ಆಮೇಲೆ ಸರ್ವರ್‌ನ ಲಾಗ್‌ಗಳಲ್ಲಿ 731964 ಹುಡುಕಿ. ಸಿಕ್ಕಿದರೆ ಎನ್‌ಕ್ರಿಪ್ಟ್ ಕೆಲಸವನ್ನು ಸಂಘದ ಕಂಪ್ಯೂಟರ್‌ಗೆ ಸಾಗಿಸಿ, ಆ ಫಂಕ್ಷನ್ನನ್ನು ಡೇಟಾಬೇಸ್‌ನಿಂದ ತೆಗೆದುಹಾಕಿ, ಹಳೆಯ ಲಾಗ್‌ಗಳನ್ನೂ ಅಳಿಸಿ.

ಒಬ್ಬರೇ ಸಾಲಗಾರರಿರುವ ಹಳ್ಳಿಯ ಮೊತ್ತವನ್ನು ಮೇಲಿನ ಕಚೇರಿಗೆ ಕಳಿಸಿದರೆ ಗೂಢಲಿಪಿ ಎಷ್ಟು ಗಟ್ಟಿಯಿದ್ದರೂ ಅದು ಆ ಒಬ್ಬರ ಸಾಲವೇ. ಕನಿಷ್ಠ ಎಷ್ಟು ಖಾತೆಗಳಿದ್ದರೆ ಮೊತ್ತ ಹೊರಗೆ ಹೋಗಬಹುದು ಎಂದು ಕಾರ್ಯದರ್ಶಿಗಳೊಡನೆ ಮಾತಾಡಿ ನಿಗದಿ ಮಾಡಿ.

ದೋಷವಲ್ಲದ ದೂರು

ಅತಿ ಹೆಚ್ಚು ಬಾಕಿ ಇರುವ ಹತ್ತು ಖಾತೆ ಕೇಳಿದರೆ ಏನೇನೋ ಬರುತ್ತದೆ ಎಂಬ ದೂರು ಬಂದೇ ಬರುತ್ತದೆ. ಆರ್ಡರ್ ಬೈ ಕೊಟ್ಟಾಗ ಡೇಟಾಬೇಸ್ ಬೈಟ್‌ಗಳನ್ನು ವಿಂಗಡಿಸುತ್ತದೆ. ಗೂಢಲಿಪಿಯ ಬೈಟ್‌ಗಳಿಗೂ ಬಾಕಿಗೂ ಸಂಬಂಧವಿಲ್ಲ. ಈ ಕಾಲಂನಲ್ಲಿ ಹೋಲಿಕೆ, ವಿಂಗಡಣೆ, ಇಂಡೆಕ್ಸ್ ಯಾವುದೂ ಅರ್ಥಪೂರ್ಣವಲ್ಲ. ಸಾಧ್ಯವಿದ್ದರೆ ಗೂಢಲಿಪಿಗೆಂದೇ ಹೊಸ ಡೇಟಾ ಪ್ರಕಾರ ಮಾಡಿ, ಅದಕ್ಕೆ ಹೋಲಿಕೆಯ ಕ್ರಿಯೆಗಳನ್ನೇ ಕೊಡಬೇಡಿ. ಆಗ ಇಂಥ ಕ್ವೆರಿ ತಪ್ಪು ಉತ್ತರದ ಬದಲು ದೋಷದ ಸಂದೇಶ ಕೊಡುತ್ತದೆ.

ಸರ್ವರ್ ಬೀಳುವುದು, ನಿಧಾನವಾಗುವುದು

ಸಿ ಭಾಷೆಯ ಫಂಕ್ಷನ್ ಪೋಸ್ಟ್‌ಗ್ರೆಸ್‌ನ ಪ್ರಕ್ರಿಯೆಯೊಳಗೇ ಓಡುತ್ತದೆ. ಅದು ಕುಸಿದರೆ ಉಳಿದವರ ಸಂಪರ್ಕಗಳೂ ಕಡಿಯುತ್ತವೆ. ಒಂದು ಗುಪ್ತ ಕಾಲಂ ಇದ್ದಾಗ ಚೆನ್ನಾಗಿದ್ದು, ನಾಲ್ಕೈದು ಕಾಲಂ ಸೇರಿಸಿದ ಮೇಲೆ ಬೀಳತೊಡಗಿದರೆ ಕಾರಣ ಹೆಚ್ಚಾಗಿ ಟೋಸ್ಟ್. ಸಾಲು ಸುಮಾರು 2 ಕೆಬಿ ದಾಟಿದಾಗ ಪೋಸ್ಟ್‌ಗ್ರೆಸ್ ದೊಡ್ಡ ಬೆಲೆಗಳನ್ನು ಬೇರೆ ಕೋಷ್ಟಕಕ್ಕೆ ಸಾಗಿಸಿ, ಸಾಲಿನಲ್ಲಿ ಅದರ ವಿಳಾಸ ಮಾತ್ರ ಉಳಿಸುತ್ತದೆ. ಫಂಕ್ಷನ್ ಆ ವಿಳಾಸವನ್ನೇ ಗೂಢಲಿಪಿ ಎಂದು ಓದಿದರೆ ಕುಸಿಯುತ್ತದೆ. ಬೈಟ್ ಬೆಲೆಗಳನ್ನು ಬಿಚ್ಚಿಕೊಡುವ ಪೋಸ್ಟ್‌ಗ್ರೆಸ್‌ನ ಸ್ವಂತ ಮ್ಯಾಕ್ರೊಗಳ ಮೂಲಕವೇ ಓದಬೇಕು. ಮೆಮೊರಿ ಏರುತ್ತಲೇ ಹೋದರೆ, ದೋಷ ಎಸೆದು ಹೊರಬರುವ ದಾರಿಯಲ್ಲಿ ಜಿಎಂಪಿಯ ಸಂಖ್ಯೆಗಳನ್ನು ಬಿಡುಗಡೆ ಮಾಡಿಲ್ಲ ಎಂದರ್ಥ.

ನಿಧಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 8 ಬೈಟ್‌ನ ಸಂಖ್ಯೆ 512 ಬೈಟ್ ಆಗಿದೆ, 64 ಪಟ್ಟು. ಅದನ್ನು ಹೆಕ್ಸ್ ಪಠ್ಯವಾಗಿ ಇಟ್ಟಿದ್ದರೆ 1024 ಬೈಟ್. ಮೊದಲು ಅದನ್ನು ಬೈಟ್ ಪ್ರಕಾರಕ್ಕೆ ಬದಲಿಸಿ.

ಕೆಟ್ಟ ಸಾಲುಗಳ ದುರಸ್ತಿ

ಫಂಕ್ಷನ್ ಸರಿಪಡಿಸಿದರೂ ಹಿಂದೆ ಬರೆದ ಕೆಟ್ಟ ಸಾಲುಗಳು ಹಾಗೆಯೇ ಇರುತ್ತವೆ. ಕೀಲಿ ಬೆರೆತಿದ್ದರೆ ಪ್ರತಿ ಸಾಲನ್ನು ಅದರ ಸ್ವಂತ ಕೀಲಿಯಿಂದ ಸಂಘದ ಕಂಪ್ಯೂಟರ್‌ನಲ್ಲಿ ಬಿಚ್ಚಿ, ಹೊಸ ಕೀಲಿಯಲ್ಲಿ ಮತ್ತೆ ಮುಚ್ಚುವುದೊಂದೇ ದಾರಿ. ಕೊನೆಗೆ ಸೊನ್ನೆ ಸೇರಿದ ಸಾಲುಗಳನ್ನಾದರೆ ಮತ್ತೆ ಮುಚ್ಚದೆಯೇ ಪೂರ್ತಿ ಉಳಿಸಿಕೊಳ್ಳಬಹುದು. ಕೊನೆಯ ಬೈಟ್ ಸೊನ್ನೆ ಇರುವ ಸಾಲುಗಳನ್ನು ಮಾತ್ರ ಆರಿಸಿ. ಅವೆಲ್ಲ ಕೆಟ್ಟವಲ್ಲ, ಸರಿಯಾದ ಗೂಢಲಿಪಿಯೂ 256ರಲ್ಲಿ ಒಂದು ಸಲ ಸೊನ್ನೆಯಿಂದ ಮುಗಿಯುತ್ತದೆ. ಆದ್ದರಿಂದ ಸರ್ವರ್‌ನಲ್ಲಿ ಕಣ್ಣು ಮುಚ್ಚಿ ತಿದ್ದಬೇಡಿ. ಆರಿಸಿದ ಸಾಲುಗಳನ್ನು ಸಂಘಕ್ಕೆ ಕಳಿಸಿ, ಇದ್ದ ಹಾಗೆಯೂ, ಸೊನ್ನೆಯನ್ನು ಎಡಕ್ಕೆ ಸರಿಸಿಯೂ ಡಿಕ್ರಿಪ್ಟ್ ಮಾಡಿಸಿ. ಒಂದರಲ್ಲಿ ಕಿರ್ದಿಯಲ್ಲಿ ಇರಬಹುದಾದಂಥ ಮೊತ್ತ, ಇನ್ನೊಂದರಲ್ಲಿ ಆರುನೂರಕ್ಕೂ ಮಿಕ್ಕಿದ ಅಂಕಿಗಳು ಕಾಣುತ್ತವೆ. ಯಾವುದು ಸರಿ ಎಂಬ ಗುರುತು ಮಾತ್ರ ಸರ್ವರ್‌ಗೆ ಹಿಂದಿರುಗಲಿ, ಮೊತ್ತ ಬೇಡ. ತಿದ್ದಿದ ಬೆಲೆಗಳನ್ನು ಹೊಸ ಕಾಲಂಗೆ ಬರೆದು ಕಿರ್ದಿಯೊಡನೆ ತಾಳೆ ನೋಡಿ. ಹಳೆಯ ಕಾಲಂ ಲೆಕ್ಕ ಪರಿಶೋಧನೆ ಮುಗಿಯುವವರೆಗೂ ಇರಲಿ.